ಕೆಂಪು ಬಟನ್ ಪಕ್ಕದಲ್ಲಿ ನಿಂತವಳು

ಈ ಸಲ ರೊಬಸ್ಟಾ ಪಿಕ್ಕಿಂಗ್ ಶುರುವಾಗುವ ಹೊತ್ತಿಗೆ ಸರಿಯಾಗಿ ಪಲ್ಪ್ ಹೌಸಿಗೆ ಹೊಸ ಕಂಟ್ರೋಲ್ ಪ್ಯಾನೆಲ್ ಬಂತು. ಬಿಟ್ಟಂಗಾಲದ ಹತ್ತಿರದ ಈ ಎಸ್ಟೇಟ್ ನನ್ನ ಚಿಕ್ಕಪ್ಪನ ಮಗನದು. ಫಿಸಿಕ್ಸ್ ಟೀಚರ್ ಕೆಲಸದಿಂದ ರಿಟೈರ್ ಆದಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾರದೆ, ಸೀಸನ್ನಿನಲ್ಲಿ ಅವನ ಪಲ್ಪ್ ಹೌಸನ್ನು ನಾನು ನೋಡಿಕೊಳ್ಳುತ್ತೇನೆ. ಕಾಫಿ ಹಣ್ಣಿನ ಸಿಪ್ಪೆ ಸುಲಿದು, ಬೀಜ ತೊಳೆದು, ಕಣಕ್ಕೆ ಕಳಿಸುವ ಜಾಗ ಅದು. ಕೊಯ್ದ ಹಣ್ಣು ಅವತ್ತೇ ಪಲ್ಪ್ ಆಗಬೇಕು. ರಾಶಿ ಬಿದ್ದಲ್ಲೇ ಬಿಸಿಯಾಗಿ ಹುಳಿ ವಾಸನೆ ಹತ್ತಿತೋ, ಆ ಲಾಟ್ ಕೆಟ್ಟ ಹಾಗೆಯೇ.

ಹಳೆಯ ಪ್ಯಾನೆಲ್ಲಿನಲ್ಲಿ ರಿಲೇಗಳು ಟಕಟಕ ಎನ್ನುತ್ತಿದ್ದವು. ಅವುಗಳ ಜಾಗದಲ್ಲಿ ಈಗ ಒಂದು ಟಿಫಿನ್ ಬಾಕ್ಸಿನಷ್ಟು ಡಬ್ಬಿ, ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್, ಪಿಎಲ್‌ಸಿ. ಗೋಣಿಕೊಪ್ಪಲಿನಿಂದ ಬಂದ ಎಲೆಕ್ಟ್ರಿಷಿಯನ್ ಅದನ್ನು ಕೂರಿಸಿದ. ಮಲಯಾಳಿ, ನಗುಮುಖದವನು, ನನ್ನನ್ನು ಟೀಚರೇ ಎಂದೇ ಕರೆಯುತ್ತಾನೆ.

"ಇದಕ್ಕೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ ಟೀಚರೇ," ಅಂದ. "ಮೇಲ್ಗಡೆ ಸಾಲು ಇನ್‌ಪುಟ್. ಕೆಳಗಡೆ ಸಾಲು ಔಟ್‌ಪುಟ್. ಮೇಲೆ ಬಂದದ್ದು ನೋಡಿ ಕೆಳಗೆ ಕೊಡೋದು, ಅಷ್ಟೇ ಇದರ ಬದುಕು."

ನನಗೆ ಅಷ್ಟು ಸಾಲಲಿಲ್ಲ. ಅವನು ತಂದಿದ್ದ ಇಂಗ್ಲಿಷ್ ಮ್ಯಾನ್ಯುಯಲ್ ಇಸಿದುಕೊಂಡು, ಪೆನ್ಸಿಲ್ ಹಿಡಿದು, ಪರೀಕ್ಷೆಗೆ ಓದುವವಳ ಹಾಗೆ ಓದಿದೆ. ಸುಳ್ಳು ಯಾಕೆ ಹೇಳಲಿ, ಸಂತೋಷವಾಯಿತು. ಈ ವಯಸ್ಸಿನಲ್ಲಿ ಹೊಸದೊಂದು ತಲೆಗೆ ಹತ್ತಿದರೆ ಆಗುವ ಸಂತೋಷವೇ ಬೇರೆ. ಇನ್‌ಪುಟ್ ಟರ್ಮಿನಲ್ಲುಗಳಿಗೆ ಬಟನ್ನುಗಳಿಂದ, ಸ್ವಿಚ್ಚುಗಳಿಂದ ವೈರು ಬರುತ್ತದೆ. ಅದರಲ್ಲಿ ಇಪ್ಪತ್ತನಾಲ್ಕು ವೋಲ್ಟ್ ಬಂದರೆ ಡಬ್ಬಿಯ ಮೇಲಿನ ಪುಟ್ಟ ಹಸಿರು ದೀಪ ಹತ್ತುತ್ತದೆ, ಬಾರದಿದ್ದರೆ ಆರುತ್ತದೆ. ನಮ್ಮದರಲ್ಲಿ ಎಕ್ಸ್ ಝೀರೋ ಸ್ಟಾರ್ಟ್ ಬಟನ್, ಎಕ್ಸ್ ಒನ್ ಸ್ಟಾಪ್, ಎಕ್ಸ್ ಟೂ ಮೋಟರಿನ ಓವರ್‌ಲೋಡ್, ಎಕ್ಸ್ ತ್ರೀ ನೀರಿನ ಟ್ಯಾಂಕಿನ ಫ್ಲೋಟ್. ಔಟ್‌ಪುಟ್ ಕಡೆಯಲ್ಲಿ ಸಿಪ್ಪೆ ಸುಲಿಯುವ ಪಲ್ಪರಿನ ಮೋಟರು, ನೀರಿನ ಪಂಪು, ಕೆಲವು ದೀಪಗಳು.

ಡಬ್ಬಿ ಇದನ್ನೆಲ್ಲ ಮಾಡುವ ಕ್ರಮ ನನಗೆ ಬಹಳ ಹಿಡಿಸಿತು. ಮಡಿಕೇರಿಯ ಕಾನ್ವೆಂಟಿನಲ್ಲಿ ನಾನು ಬೋರ್ಡರ್ ಆಗಿದ್ದಾಗ ಮೇಟ್ರನ್ ಒಬ್ಬರಿದ್ದರು. ಡಾರ್ಮಿಟರಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆದು ಒಂದೊಂದೇ ಮಂಚ ನೋಡುವರು. ತಮ್ಮ ಮೇಜಿಗೆ ವಾಪಸ್ ಬಂದು, ಯೋಚಿಸಿ, ಆಮೇಲೆಯೇ ಬೆಲ್ ಹೊಡೆಯುವರು. ಅವರು ದಾಟಿಹೋದ ಮೇಲೆ ಹಿಂದೆ ಏನು ನಡೆದರೂ ಮುಂದಿನ ರೌಂಡಿನವರೆಗೆ ಅವರಿಗೆ ಗೊತ್ತಿಲ್ಲ. ಪಿಎಲ್‌ಸಿಯೂ ಹಾಗೇ. ಎಲ್ಲ ಇನ್‌ಪುಟ್ ಒಮ್ಮೆ ನೋಡುತ್ತದೆ, ಪ್ರೋಗ್ರಾಂ ಓದುತ್ತದೆ, ಔಟ್‌ಪುಟ್ ಕೊಡುತ್ತದೆ, ಮತ್ತೆ ಮೊದಲಿಂದ. ಒಂದೇ ವ್ಯತ್ಯಾಸ, ಕಣ್ಣು ಮಿಟುಕಿಸುವಷ್ಟರಲ್ಲಿ ಇದರದ್ದು ಎಷ್ಟೋ ರೌಂಡು ಆಗಿಹೋಗಿರುತ್ತದೆ.

ಎಸ್ಟೇಟಿನ ರೈಟರ್, ಅಂದರೆ ಹಾಜರಿ, ಕೆಲಸ ಎಲ್ಲ ನೋಡಿಕೊಳ್ಳುವವರು, ಪ್ಯಾನೆಲ್ ಬಾಗಿಲು ತೆರೆದಿದ್ದಾಗ ಬಗ್ಗಿ ನೋಡಿ ಕೇಳಿದರು.

"ಎಂತ ಮೇಡಂ ಇದು, ಸ್ಟಾಪ್ ಬಟನ್ ಯಾರೂ ಮುಟ್ಟಿಲ್ಲ, ಅದರ ದೀಪ ಉರೀತಾ ಉಂಟು. ಉಲ್ಟಾ ಜೋಡಿಸಿದ್ದಾನೆ ಕಾಣುತ್ತೆ."

"ಉಲ್ಟಾ ಅಲ್ಲ, ಅದೇ ಸರಿ," ಅಂದೆ. ಕ್ಲಾಸ್ ತೆಗೆದುಕೊಳ್ಳುವ ಹುರುಪು ಬಂದುಬಿಟ್ಟಿತ್ತು ನನಗೆ. "ಸ್ಟಾಪ್ ಬಟನ್ನಿನಲ್ಲಿ ಕರೆಂಟ್ ಯಾವಾಗಲೂ ಹರೀತಾ ಇರಬೇಕು. ಒತ್ತಿದಾಗ ಮಾತ್ರ ಕಟ್ ಆಗಬೇಕು. ಯಾಕೆ ಹೇಳಿ? ಇಲಿ ವೈರ್ ಕಡಿದುಬಿಟ್ಟರೆ? ಆಗಲೂ ಕರೆಂಟ್ ಕಟ್ ಆಗಿ ಮೆಷಿನ್ ನಿಲ್ಲುತ್ತದೆ. ಉಲ್ಟಾ ಜೋಡಿಸಿದ್ದರೆ ಕೈ ಸಿಕ್ಕಿಕೊಂಡವನು ಬಟನ್ ಒತ್ತಿದರೂ ನಿಲ್ಲುತ್ತಿರಲಿಲ್ಲ. ಫೇಲ್ ಸೇಫ್ ಅನ್ನೋದು ಇದಕ್ಕೇ."

ಇದು ನನ್ನ ಬಾಯಿಂದಲೇ ಬಂದ ಮಾತು. ಮುಂದೆ ನಡೆದದ್ದನ್ನು ಬರೆಯುವಾಗ ಈ ಮಾತನ್ನು ಮುಚ್ಚಿಡುವ ಹಾಗಿಲ್ಲ. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವ ಅವಕಾಶ ನನಗಿಲ್ಲ.

ಪಿಕ್ಕಿಂಗ್ ಜೋರಾದ ಮೇಲೆ ಪಲ್ಪರ್ ನಿಲ್ಲತೊಡಗಿತು. ಬೆಳಗ್ಗೆ ಚೆನ್ನಾಗಿಯೇ ಓಡುತ್ತಿತ್ತು. ಬಿಸಿಲೇರಿ, ಹಣ್ಣಿನ ಚೀಲಗಳು ಟ್ರ್ಯಾಕ್ಟರಿನಲ್ಲಿ ಬಂದು ಬೀಳುವ ಹೊತ್ತಿಗೆ ಸರಿಯಾಗಿ ಸುಮ್ಮನಾಗುತ್ತಿತ್ತು. ಸ್ಟಾರ್ಟ್ ಒತ್ತಿದರೆ ಮತ್ತೆ ಹೊರಡುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ನಿಲ್ಲುತ್ತಿತ್ತು. ಡ್ರಮ್ಮಿನಲ್ಲಿ ಅರ್ಧ ಸುಲಿದ ಹಣ್ಣು ಕಚ್ಚಿಕೊಂಡು, ಪ್ರತಿಸಲವೂ ಬಿಚ್ಚಿ ತೆಗೆಯಬೇಕು.

"ನಮಗಿಂತ ಮೊದ್ಲು ಮೆಷಿನ್ನಿಗೇ ಟೀ ಬ್ರೇಕು," ಎಂದು ಹೆಂಗಸರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಹೊರಗೆ ಹಣ್ಣಿನ ರಾಶಿ ಮುಟ್ಟಿದರೆ ಬೆಚ್ಚಗಿರುತ್ತಿತ್ತು.

ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ಯಂತ್ರ ಯಾವ ಕಾರಣಕ್ಕೆ ನಿಲ್ಲುತ್ತಿದೆ ಎಂದು ಹಿಡಿಯಲು ಒಂದು ಉಪಾಯ ಹೇಳಿದವಳು ನಾನೇ. ಯಾವ ಇನ್‌ಪುಟ್ ಮೊದಲು ಕೈಕೊಟ್ಟಿತೋ ಅದನ್ನು ಪ್ರೋಗ್ರಾಂ ನೆನಪಿಟ್ಟುಕೊಳ್ಳಬೇಕು, ಅದಕ್ಕೆ ಸೇರಿದ ದೀಪವನ್ನು ಪ್ಯಾನೆಲ್ ಬಾಗಿಲ ಮೇಲೆ ಹಚ್ಚಿಡಬೇಕು. ಅವನು ಲ್ಯಾಪ್‌ಟಾಪ್ ಜೋಡಿಸಿ ಹಾಗೆಯೇ ಮಾಡಿಕೊಟ್ಟ. ಖಾಲಿ ಉಳಿದಿದ್ದ ಔಟ್‌ಪುಟ್‌ಗಳಿಗೆ ಮೂರು ದೀಪ ಬಂದವು. ಅವುಗಳ ಕೆಳಗೆ ಅಂಟಿಸುವ ಲೇಬಲ್ಲುಗಳನ್ನು ನನ್ನ ಕಾನ್ವೆಂಟ್ ಅಕ್ಷರದಲ್ಲಿ, ಕಪ್ಪು ಇಂಕಿನಲ್ಲಿ, ನಾನೇ ಬರೆದೆ. ಮೋಟರ್ ಓವರ್‌ಲೋಡ್. ನೀರಿಲ್ಲ. ಸ್ಟಾಪ್ ಒತ್ತಲಾಗಿದೆ.

ಮರುದಿನ ಯಂತ್ರ ನಿಂತಿತು. ಹತ್ತಿದ್ದು ಮೂರನೆಯ ದೀಪ.

ಎಲೆಕ್ಟ್ರಿಷಿಯನ್ ಅದಾದ ಮರುದಿನ ಬೆಳಗ್ಗೆ, ಪಲ್ಪಿಂಗ್ ಶುರುವಾಗುವ ಮುಂಚೆಯೇ ಬಂದು ಸ್ಟಾಪ್ ಬಟನ್ನಿನಿಂದ ಪ್ಯಾನೆಲ್ಲಿನವರೆಗೆ ಮೀಟರ್ ಹಿಡಿದ. ವೈರು ಸರಿಯಾಗಿತ್ತು. ಬಟನ್ನನ್ನು ಹತ್ತಾರು ಸಲ ಒತ್ತಿ ಬಿಟ್ಟ. ಅದೂ ಸರಿಯಾಗಿತ್ತು.

"ಲೈನ್ ಒಳ್ಳೇದು ಉಂಟು ಟೀಚರೇ. ಯಾರೋ ಒತ್ತುತ್ತಾ ಇದ್ದಾರೆ ಅಷ್ಟೇ."

ಬೇರೆ ಯಾವುದೂ ಅಲ್ಲ ಎಂದಮೇಲೆ ಉಳಿದದ್ದೇ ಉತ್ತರ. ಎಷ್ಟು ವರ್ಷ ಬ್ಲಾಕ್‌ಬೋರ್ಡಿನ ಮೇಲೆ ಇದನ್ನೇ ಮಾಡಿಸಿದ್ದೇನೆ.

ಸ್ಟಾಪ್ ಬಟನ್ ಇರುವುದು ಹಾಪರಿನ ಪಕ್ಕದ ಗೋಡೆಯಲ್ಲಿ. ಹಾಪರಿಗೆ ಹಣ್ಣು ಸುರಿದು, ಕಲ್ಲು, ಕಡ್ಡಿ ಆರಿಸುವ ಹೆಂಗಸು ಅದರ ಕೈಯಳತೆಯಲ್ಲೇ ನಿಂತಿರುತ್ತಾಳೆ. ಕುಶಾಲನಗರದ ಕಡೆಯವಳು, ಹಿರಿಯರು ಮೈಸೂರು ಸೀಮೆಯಿಂದ ಬಂದು ನೆಲೆಸಿದವರಂತೆ. ಗಂಡ ಇಲ್ಲ. ಅತ್ತೆಯ ಜೊತೆ ಇಲ್ಲೇ ಕೆಲಸದವರ ಲೈನ್ ಮನೆಯಲ್ಲಿ ಇದ್ದಾಳೆ. ಮಂಡಿ ನೋವಿರುವುದರಿಂದ ಇಳಿಜಾರಿನಲ್ಲಿ ಚೀಲ ಹೊರಲಾಗದೆ ಈ ಕೆಲಸ ಕೇಳಿ ಪಡೆದಿದ್ದಳು. ಕೆಲವು ಸೀಸನ್ನಿನಿಂದ ಆ ಜಾಗ ಅವಳದೇ. ಯಂತ್ರ ನಿಂತಾಗಲೆಲ್ಲ ಅವಳು ಹಿಂಬದಿಗೆ ಹೋಗಿ ಎಲೆಯಡಿಕೆ ಹಾಕಿಕೊಂಡು ಬರುವುದನ್ನು ನಾನು ನೋಡಿದ್ದೆ. ಎಲ್ಲರೂ ಒಂದೊಂದು ಕಡೆ ಹೋಗುತ್ತಿದ್ದರು. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಅವಳೊಬ್ಬಳೇ.

ಅವತ್ತು ಯಂತ್ರ ನಿಂತಾಗ ಎಲ್ಲರ ಎದುರೇ ಕೇಳಿದೆ.

"ಸುಸ್ತಾದರೆ ಬಾಯಿಬಿಟ್ಟು ಹೇಳಬೇಕು. ಹೀಗೆ ಬಟನ್ ಒತ್ತಿ ಎಲ್ಲರ ಕೆಲಸ ಕೆಡಿಸಬಾರದು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. "ನಾನಾ? ನಾನ್ ಒತ್ನಿಲ್ಲ ಕಣಮ್ಮ."

"ಹಾಗಾದರೆ ಆ ದೀಪ ಯಾಕೆ ಉರೀತಿದೆ? ಅದರ ಕೆಳಗೆ ಏನು ಬರೆದಿದೆ ಗೊತ್ತಾ? ಮೆಷಿನ್ನಿಗೆ ನಿನ್ನ ಮೇಲೆ ದ್ವೇಷ ಇದೆಯಾ?"

"ಅದ್ಯಾಕೆ ಉರೀತದೋ ನಂಗೇನ್ ಗೊತ್ತು. ನನ್ ಕೈ ಹಣ್ಣಲ್ಲೇ ಇತ್ತು. ಬೇಕಾರೆ ಇವ್ರುನ್ನ ಕೇಳಿ."

ಯಾರೂ ಮಾತಾಡಲಿಲ್ಲ. ಯಾರೂ ನೋಡಿರಲಿಲ್ಲ, ಅಷ್ಟೇ. ಅವರವರ ಕೆಲಸ ಅವರವರು ಮಾಡುತ್ತಿದ್ದರು. ಅವರ ಆ ಮೌನವನ್ನೂ ನಾನು ಸಾಕ್ಷಿಯಾಗಿ ತೆಗೆದುಕೊಂಡೆ. ಅವಳ ಕೈ ನಿಜವಾಗಿಯೂ ಹಣ್ಣಿನ ಅಂಟಿನಿಂದ ಮೊಣಕೈಯವರೆಗೆ ಒದ್ದೆಯಾಗಿತ್ತು. ಒತ್ತಿದ್ದರೆ ಬಟನ್ ಮೇಲೂ ಅಂಟು ಇರಬೇಕಿತ್ತಲ್ಲ? ಹೋಗಿ ನೋಡಬೇಕೆಂದು ಫಿಸಿಕ್ಸ್ ಟೀಚರಿಗೆ ಹೊಳೆಯಲೇ ಇಲ್ಲ.

ರೈಟರಿಗೆ ಹೇಳಿ ಅವಳನ್ನು ಪಿಕ್ಕಿಂಗಿಗೆ ಹಾಕಿಸಿದೆ. ಹಾಪರಿಗೆ ಒಬ್ಬ ಗಂಡಾಳು ಬಂದ.

ಮರುದಿನ ಪಲ್ಪರ್ ಒಮ್ಮೆಯೂ ನಿಲ್ಲಲಿಲ್ಲ. ಅವತ್ತು ಮಂಜು ಮಧ್ಯಾಹ್ನದವರೆಗೂ ಬಿಡದೆ, ಎಲ್ಲರೂ ಸ್ವೆಟರ್ ಹಾಕಿಕೊಂಡೇ ಕೆಲಸ ಮಾಡಿದರು. ರಾಶಿ ಸಾಯಂಕಾಲಕ್ಕೆಲ್ಲ ಖಾಲಿ.

"ನೋಡಿದ್ರಾ ಮೇಡಂ," ಅಂದರು ರೈಟರ್. "ಪಿಕ್ಕಿಂಗಿನವರು ಅವಳಿಗೆ ಹೆಸರಿಟ್ಟಾಗಿದೆ. ಸ್ಟಾಪಕ್ಕ ಅಂತೆ."

ನಾನು ನಕ್ಕೆ. ಇದನ್ನು ಬರೆಯಲೇಬೇಕು ಅಂತ ಬರೆಯುತ್ತಿದ್ದೇನೆ. ನಕ್ಕೆ.

ಅದಾದ ಮೇಲಿನ ದಿನ ಚೆನ್ನಾಗಿ ಬಿಸಿಲು ಬಂತು. ಪಲ್ಪರ್ ನಿಂತಿತು. ಮೂರನೆಯ ದೀಪ ಹತ್ತಿತು. ಹಾಪರಿನಲ್ಲಿದ್ದ ಗಂಡಾಳು ಎರಡೂ ಕೈ ಮೇಲೆತ್ತಿ, "ನಾನಲ್ಲ ಮೇಡಂ, ನನ್ನನ್ನು ಗುಡ್ಡೆಗೆ ಕಳಿಸ್ಬೇಡಿ," ಅಂದ. ಎಲ್ಲರೂ ನಕ್ಕರು. ಈ ಸಲ ನಾನು ಬಟನ್ ಕಡೆ ನೋಡಿದೆ. ಅವನು ನಿಂತಿದ್ದು ಹಾಪರಿನ ಆಚೆ ಬದಿಯಲ್ಲಿ. ಬಟನ್ ಹತ್ತಿರ ನರಪಿಳ್ಳೆ ಇರಲಿಲ್ಲ.

ರೈಟರ್ ಬಂದು, "ಆ ಸ್ಟಾಪ್ ವೈರ್ ತಂಟೆಯೇ ಬೇಡ ಮೇಡಂ. ಎರಡು ತುದಿ ಸೇರಿಸಿ ಕಟ್ಟಿಬಿಡುವ. ಸೀಸನ್ ಒಂದು ಕಳೀಲಿ," ಅಂದರು. ಅದು ಮಾತ್ರ ಆಗದು ಅಂದೆ. ಪ್ಯಾನೆಲ್ ಬಾಗಿಲು ತೆಗೆದಿಟ್ಟು, ಯಂತ್ರ ಓಡಿಸಿ, ಎಕ್ಸ್ ಒನ್ನಿನ ಹಸಿರು ದೀಪದ ಮೇಲೆ ಕಣ್ಣಿಟ್ಟು ನಿಂತೆ. ಅಲ್ಲಾಡದೆ ಉರಿಯುತ್ತಿತ್ತು. ಸೆಖೆಯಾಯಿತು. ನಾನು ಹಾಕಿಕೊಂಡಿದ್ದದ್ದು ನಮ್ಮವರ ಆರ್ಮಿ ಓವರ್‌ಕೋಟ್. ಅವರು ಹೋದ ಮೇಲೆ ಚಳಿಗಾಲವೆಲ್ಲ ಅದನ್ನು ನಾನೇ ಹಾಕಿಕೊಳ್ಳುತ್ತೇನೆ. ಒಂದು ಹೊರೆ ಸೌದೆಯಷ್ಟು ಭಾರ. ಅದನ್ನು ಬಿಚ್ಚಿ ಪೈಪಿಗೆ ತೂಗುಹಾಕಿದೆ.

ಈ ಪೈಪಿನ ವಿಷಯ ಹೇಳಬೇಕು. ಪಲ್ಪ್ ಹೌಸಿನ ನೆಲ ಯಾವಾಗಲೂ ನೀರು, ಸಿಪ್ಪೆ, ಲೋಳೆ. ಏನನ್ನೂ ಕೆಳಗಿಡುವ ಹಾಗಿಲ್ಲ. ಪ್ಯಾನೆಲ್ಲಿನಿಂದ ಸ್ಟಾಪ್ ಬಟನ್ನಿನವರೆಗೆ ಗೋಡೆಯುದ್ದಕ್ಕೂ ಹೆಗಲೆತ್ತರದಲ್ಲಿ ವೈರಿನ ಪ್ಲಾಸ್ಟಿಕ್ ಪೈಪು ಹೋಗಿದೆ. ಬಿಸಿಲೇರಿದ ಕೂಡಲೇ ಎಲ್ಲರ ಸ್ವೆಟರು, ಶಾಲು, ಬುತ್ತಿಚೀಲ ಅದರ ಮೇಲೆ. ಕೊಡಗಿನಲ್ಲಿ ಯಾವ ಪಲ್ಪ್ ಹೌಸಿಗೆ ಹೋದರೂ ಪೈಪೇ ಗೂಟ. ಅದನ್ನು ಯಾರೂ ತಪ್ಪು ಎಂದುಕೊಳ್ಳುವುದಿಲ್ಲ. ನಾನೂ ಅಂದುಕೊಂಡಿರಲಿಲ್ಲ.

ದಿನಾ ಕೋಟು ಹಾಕುವ ಜಾಗದಲ್ಲಿ ಅವತ್ತು ಯಾರದೋ ಚೀಲಗಳು ತುಂಬಿದ್ದವು. ಹಾಗಾಗಿ ಬಟನ್ ಡಬ್ಬಿಯ ಪಕ್ಕದಲ್ಲೇ, ಪೈಪು ಬಾಗುವ ಕಡೆ, ಹಾಕಿದೆ. ಹಿಂದೆಯೇ ಯಂತ್ರ ನಿಂತಿತು. ಓಡಿ ಬಂದು ಪ್ಯಾನೆಲ್ ನೋಡಿದರೆ ಎಕ್ಸ್ ಒನ್ ಆರಿಹೋಗಿತ್ತು. ಅದುವರೆಗೆ ಅದು ಆರಿದ್ದನ್ನು ನಾನು ನೋಡಿಯೇ ಇರಲಿಲ್ಲ. ನಿಂತ ಮರುಕ್ಷಣ ಮತ್ತೆ ಹತ್ತಿಕೊಂಡಿರುತ್ತಿತ್ತು. ಈಗ ಹತ್ತಲೇ ಇಲ್ಲ. ಟರ್ಮಿನಲ್ ಮೇಲಿನ ಸಣ್ಣ ಅಕ್ಷರ ಓದಬೇಕಿತ್ತು, ಕನ್ನಡಕ ಕೋಟಿನ ಜೇಬಿನಲ್ಲಿತ್ತು. ಹೋಗಿ ಕೋಟನ್ನು ಎತ್ತಿ ತೋಳಿನ ಮೇಲೆ ಹಾಕಿಕೊಂಡು, ಜೇಬಿನಲ್ಲಿ ಕೈಯಾಡಿಸುತ್ತ ತಿರುಗಿ ನೋಡಿದರೆ ಹಸಿರು ದೀಪ ಉರಿಯುತ್ತಿತ್ತು.

ಕೋಟನ್ನು ಮತ್ತೆ ಪೈಪಿಗೆ ಹಾಕಿದೆ. ಆರಿತು. ತೆಗೆದೆ. ಹತ್ತಿತು.

ನನ್ನ ಬೆನ್ನ ಹಿಂದೆ ಎಲ್ಲರೂ ನೋಡುತ್ತಿದ್ದರು ಅನ್ನಿಸುತ್ತದೆ. ನಾನು ತಿರುಗಲಿಲ್ಲ. ಇನ್ನೊಮ್ಮೆ ಹಾಕಿ, ಇನ್ನೊಮ್ಮೆ ತೆಗೆದೆ. ಬೇಕಿರಲಿಲ್ಲ. ತಿರುಗುವುದನ್ನು ಸ್ವಲ್ಪ ಮುಂದೆ ಹಾಕಲು ಅಷ್ಟೇ.

ಎಲೆಕ್ಟ್ರಿಷಿಯನ್ ಬಂದು ಬಟನ್ ಡಬ್ಬಿ ಬಿಚ್ಚಿದಾಗ ಎಲ್ಲ ಕಣ್ಣಿಗೇ ಕಂಡಿತು. ಪೈಪನ್ನು ಗೋಡೆಗೆ ಹಿಡಿದಿದ್ದ ಕ್ಲ್ಯಾಂಪುಗಳು ಕಿತ್ತು ಬಂದಿದ್ದವು. ಬಟ್ಟೆಯ ಭಾರಕ್ಕೆ ಪೈಪು ಜಗ್ಗಿ, ಒಳಗಿನ ವೈರು ಸ್ಕ್ರೂವಿನಿಂದ ಜಾರುತ್ತಿತ್ತು. ಯಂತ್ರದ ಅದುರಾಟಕ್ಕೆ ಒಂದು ಗಳಿಗೆ ಬಿಟ್ಟು ಹಿಡಿಯುತ್ತಿತ್ತು. ಆ ಒಂದು ಗಳಿಗೆ ಪಿಎಲ್‌ಸಿಗೆ ಧಾರಾಳ. ಅವನು ಮೀಟರ್ ಹಿಡಿದದ್ದು ಬೆಳಗ್ಗೆ, ಚಳಿಯಲ್ಲಿ, ಕೋಟೂ ಸ್ವೆಟರೂ ನಮ್ಮ ಮೈಮೇಲೆ ಇದ್ದಾಗ.

"ನನ್ನದೂ ತಪ್ಪು ಟೀಚರೇ," ಅಂದ ಅವನು. "ಸ್ಕ್ರೂ ಒಮ್ಮೆ ಬಿಗಿ ಮಾಡಿ ನೋಡ್ಬೇಕಿತ್ತು."

ಅವನು ತಪ್ಪಿದ್ದು ಸ್ಕ್ರೂ ವಿಷಯದಲ್ಲಿ. ನಾನು ತಪ್ಪಿದ್ದು ಒಬ್ಬ ಹೆಂಗಸಿನ ವಿಷಯದಲ್ಲಿ. ಎಕ್ಸ್ ಒನ್ ನನಗೆ ಹೇಳಿದ್ದು ಇಷ್ಟೇ, ಇಲ್ಲಿಗೆ ಇಪ್ಪತ್ತನಾಲ್ಕು ವೋಲ್ಟ್ ಬಂದಿಲ್ಲ. ಯಾಕೆ ಬಂದಿಲ್ಲ ಎಂಬುದು ಅದಕ್ಕೆ ಗೊತ್ತಿಲ್ಲ, ಗೊತ್ತಿದೆ ಎಂದು ಅದು ಎಂದೂ ಹೇಳಲಿಲ್ಲ. ಒತ್ತಲಾಗಿದೆ ಎಂದು ಬರೆದದ್ದು ನಾನು. ವೈರು ಕಡಿದರೂ ಹೀಗೇ ಆಗುತ್ತದೆ ಎಂದು ರೈಟರಿಗೆ ಪಾಠ ಹೇಳಿದವಳೂ ನಾನೇ.

ಹೊಸ ಕ್ಲ್ಯಾಂಪು ಹಾಕಿಸಿದೆ. ವೈರಿನ ತುದಿಗೆ ಜಾರದ ಹಾಗೆ ಲೋಹದ ಲಗ್ ಒತ್ತಿಸಿ ಬಿಗಿ ಮಾಡಿಸಿದೆ. ಎದುರು ಗೋಡೆಗೆ ಮರದ ಪಟ್ಟಿ ಹೊಡೆಸಿ ಗೂಟಗಳನ್ನು ಕೂರಿಸಿದೆ. ಲೇಬಲ್ ಕಿತ್ತು, ಸ್ಟಾಪ್ ಲೈನಿನಲ್ಲಿ ಕರೆಂಟ್ ಇಲ್ಲ, ಬಟನ್ ಮತ್ತು ವೈರ್ ನೋಡಿ, ಎಂದು ಬರೆದು ಅಂಟಿಸಿದೆ. ಇವೆಲ್ಲ ಸುಲಭದ ಕೆಲಸಗಳು. ಒಂದೊಂದನ್ನೂ ಎಷ್ಟು ಶ್ರದ್ಧೆಯಿಂದ ಮಾಡಿಸಿದೆನೆಂದರೆ, ಮುಖ್ಯವಾದದ್ದನ್ನು ಮುಂದೂಡಲು ನನಗೇ ಕಾರಣಗಳು ಸಿಕ್ಕುತ್ತಿದ್ದವು.

"ಸುಮ್ನೆ ಹಾಪರಿಗೆ ವಾಪಸ್ ಹಾಕಿದ್ರೆ ಸಾಕು ಮೇಡಂ, ಅವಳಿಗೂ ಖುಷಿ," ಅಂದರು ರೈಟರ್. "ನೀವು ಹೋಗಿ ಸಾರಿ ಗೀರಿ ಅಂತ ಹೇಳಿದ್ರೆ, ನಾಳೆ ಇವರಿಂದ ಕೆಲಸ ಮಾಡಿಸೋದು ಯಾರು?"

"ಬೈದದ್ದು ಎಲ್ಲರ ಮುಂದೆ ತಾನೇ?"

"ಅದು ಬೇರೆ, ಇದು ಬೇರೆ."

ಬೇರೆ ಅಲ್ಲ ಎಂದು ಗೊತ್ತಿತ್ತು. ಮರುದಿನ ಬೆಳಗ್ಗೆ ಹಾಜರಿಯ ಹೊತ್ತಿಗೆ ಹೋದೆ. ಎಲ್ಲರೂ ಸಾಲಾಗಿ ನಿಂತಿದ್ದರು. ಅವಳು ಕೊನೆಯಲ್ಲಿ, ಒಂದು ಕಾಲಿನ ಮೇಲೆ ಭಾರ ಬಿಟ್ಟು ನಿಂತಿದ್ದಳು. ಮಂಡಿಗೆ ಬಟ್ಟೆ ಕಟ್ಟಿಕೊಂಡಿದ್ದದ್ದು ಸೀರೆಯ ಮೇಲಿಂದಲೇ ತಿಳಿಯುತ್ತಿತ್ತು. ಮಾತು ಶುರುಮಾಡಿದೆ. ಪೈಪು, ಕ್ಲ್ಯಾಂಪು, ಇನ್‌ಪುಟ್, ಲೂಸ್ ಕಾಂಟ್ಯಾಕ್ಟ್. ಬಾಯಿಗೆ ಬಂದದ್ದೆಲ್ಲ ಅದೇ. ಸುಮಾರು ಹೊತ್ತು ಮಾತಾಡಿದೆ, ಒಳ್ಳೆಯ ಲೆಕ್ಚರ್ ಆಗಿತ್ತು. ಅದರಲ್ಲಿ ಇವಳು ಒತ್ತಿರಲಿಲ್ಲ, ನಾನು ಸುಳ್ಳೇ ಹೊರಿಸಿದೆ ಎಂಬ ಮಾತು ಎಲ್ಲೂ ಇರಲಿಲ್ಲ. ಹೆಂಗಸರು ಮರ್ಯಾದೆಗೆ ತಲೆಯಾಡಿಸಿದರು. ಅವರಿಗೆ ಎಷ್ಟು ಅರ್ಥವಾಯಿತೋ.

ಕೊನೆಗೆ ಅವಳ ಹತ್ತಿರ ಹೋಗಿ, "ಅವತ್ತು ನಾನು ಹಾಗೆ ಅಂದದ್ದು ತಪ್ಪು," ಅಂದೆ. ಅವಳ ಪಕ್ಕದವಳಿಗೂ ಕೇಳಿಸದಷ್ಟು ಮೆಲ್ಲಗೆ.

"ಆಯ್ತು ಬುಡಿ ಅಮ್ಮ," ಅಂದಳು. ನನ್ನನ್ನು ಕಾಪಾಡುವವಳ ಹಾಗೆ, ಅವಸರದಲ್ಲಿ.

ಹಾಪರಿಗೆ ವಾಪಸ್ ಬಂದಳು. ಪಲ್ಪರ್ ನಿಲ್ಲುವುದು ನಿಂತಿತು. ಎಲ್ಲ ಸರಿಹೋಯಿತು ಅಂದುಕೊಂಡೆ.

ಸೀಸನ್ ಮುಗಿಯುತ್ತ ಬಂದಿತ್ತು. ಒಂದು ದಿನ ಸಿಪ್ಪೆ ಎಳೆಯುವ ಹೆಂಗಸೊಬ್ಬಳು ಪಲ್ಪರಿನ ಬೆಲ್ಟಿನ ಪಕ್ಕ ಬಗ್ಗಿದಳು. ಅವಳ ಶಾಲಿನ ತುದಿ ಬೆಲ್ಟಿಗೆ ಸಿಕ್ಕಿ ಸುತ್ತಿಕೊಳ್ಳತೊಡಗಿತು. ಅವಳು ಕೂಗಿದಳು. ಸ್ಟಾಪಿನ ಕೆಂಪು ಬಟನ್ ಹಾಪರಿನವಳ ಹೆಗಲಿಗೆ ತಾಗುವಷ್ಟು ಹತ್ತಿರವಿತ್ತು. ಅವಳ ಕೈ ಮೇಲಕ್ಕೆ ಹೋಯಿತು, ಬಟನ್ನಿನ ಮುಂದೆ ನಿಂತಿತು. ಅವಳು ತಿರುಗಿ ನನ್ನನ್ನು ನೋಡಿದಳು.

"ಒತ್ಲಾ ಅಮ್ಮ?"

ನಾನು ಏನು ಹೇಳಿದೆನೋ ನೆನಪಿಲ್ಲ. ಓಡಿಹೋಗಿ ಅಂಗೈಯಿಂದ ಬಟನ್ ಗುದ್ದಿದೆ. ಅಷ್ಟರಲ್ಲಿ ಶಾಲು ಹರಿದು ಬಂದಿತ್ತು. ಕುತ್ತಿಗೆಯಲ್ಲಿ ಒಂದು ಕೆಂಪು ಗೆರೆ, ಅಷ್ಟೇ. ಆ ಹೆಂಗಸು ನೆಲದ ಮೇಲೆ ಕೂತು ನಡುಗುತ್ತಿದ್ದಳು. ಶಾಲು ಹಳೆಯದಾಗಿತ್ತು, ಅದಕ್ಕೇ ಹರಿಯಿತು. ಹೊಸದಾಗಿದ್ದರೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

"ಕೇಳಿದ್ಯಾಕೆ?" ಅಂದೆ ಹಾಪರಿನವಳಿಗೆ. ಗದರಿದ ಹಾಗೆಯೇ ಇತ್ತು ನನ್ನ ದನಿ.

ಅವಳು ತಲೆ ತಗ್ಗಿಸಿ ಕೈಯ ಅಂಟನ್ನು ಸೀರೆಗೆ ಒರೆಸಿಕೊಂಡಳು. "ಮತ್ತೆ ನೀವೇನಾರ ಅಂದೀರಿ ಅಂತ."

ಆಗ ಹೇಳಿದೆ. ಎಲ್ಲರೂ ಅಲ್ಲಿಯೇ ಇದ್ದರು, ಯಂತ್ರ ನಿಂತಿದ್ದರಿಂದ ಎಲ್ಲರಿಗೂ ಕೇಳಿಸಿತು. ಇವಳು ಒಮ್ಮೆಯೂ ಬಟನ್ ಒತ್ತಿರಲಿಲ್ಲ. ನಾನು ನೋಡದೆ, ವಿಚಾರಿಸದೆ ಇವಳ ಮೇಲೆ ಹೊರಿಸಿದೆ. ಸ್ಟಾಪಕ್ಕ ಎಂದು ನೀವು ಕರೆದಾಗ ನಾನೂ ನಕ್ಕೆ. ಇಷ್ಟು ಹೇಳಲು ಇನ್‌ಪುಟ್ ಔಟ್‌ಪುಟ್ ಯಾವುದೂ ಬೇಕಾಗಲಿಲ್ಲ. ಅವಳು ತಲೆಯೆತ್ತಲಿಲ್ಲ. ಯಾರೋ ಹಿಂದಿನಿಂದ, "ಹೋಗ್ಲಿ ಬಿಡಿ ಮೇಡಂ, ಹಣ್ಣು ಬಿಸಿಯಾಗ್ತದೆ," ಅಂದರು.

ಅವತ್ತಿನಿಂದ ಒಂದು ಕ್ರಮ ಮಾಡಿದ್ದೇನೆ. ಬೆಳಗ್ಗೆ ಹಣ್ಣು ಹಾಕುವ ಮೊದಲು ಪಲ್ಪರನ್ನು ಖಾಲಿ ಓಡಿಸಬೇಕು, ಹಾಪರಿನವಳು ಸ್ಟಾಪ್ ಒತ್ತಿ ನಿಲ್ಲಿಸಬೇಕು. ಯಾರನ್ನೂ ಕೇಳುವಂತಿಲ್ಲ. ವೈರು, ಬಟನ್ನು, ಎಕ್ಸ್ ಒನ್, ಮೂರೂ ಸರಿಯಿವೆ ಎಂದು ಗೊತ್ತಾಗುವುದು ಹಾಗೆ. ಮೊದಮೊದಲು ಅವಳು ಕೈಯೆತ್ತಿ ನನ್ನ ಮುಖ ನೋಡುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ, ಆಮೇಲೆ ಒತ್ತುತ್ತಿದ್ದಳು. ಹೂಂ ಎನ್ನುವುದನ್ನು ಬಿಟ್ಟೆ. ಆದರೂ ನೋಡುತ್ತಿದ್ದಳು.

ಈಗ ಆ ಹೊತ್ತಿಗೆ ನಾನು ಕಣದ ಕಡೆ ಹೋಗಿ, ಪಲ್ಪ್ ಹೌಸಿಗೆ ಬೆನ್ನು ಹಾಕಿ ನಿಲ್ಲುತ್ತೇನೆ. ಯಂತ್ರ ನಿಂತ ಮೇಲೆ ಒಳಗೆ ಬರುತ್ತೇನೆ. ಕೆಲವು ದಿನ ಬೇಗ ನಿಲ್ಲುತ್ತದೆ. ಕೆಲವು ದಿನ ಬಹಳ ಹೊತ್ತು ಓಡುತ್ತಲೇ ಇರುತ್ತದೆ.